ಪೂಜೆಗಿಟ್ಟ ಕಂಪ್ಯೂಟರಿಗೆ ಗಾಳಿ ಬೀಸಿದ್ದು

ವೇದಿಕೆಯ ನಡುವೆ ಕುಳಿತಿರುವ ನಮ್ಮ ಬಡಾವಣೆ ಸಂಘದ ಅಧ್ಯಕ್ಷರಾದ ಜೋಕಿಮ್ ಅವರೇ, ಪೆರ್ಡೂರಿನಿಂದ ಬಂದ ಪುರೋಹಿತರೇ, ಹಿಂದಿನಿಂದ ಪಾಯಸದ ಪರಿಮಳ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ವಿಷ್ಣುಮೂರ್ತಿ ದಂಪತಿಗಳು ಪರೋಪಕಾರಿಗಳು ಎಂದು ಈ ಮಹಾನವಮಿಯ ದಿನ ನಮ್ಮಿಬ್ಬರಿಗೂ ಸನ್ಮಾನ ಇಟ್ಟಿರಿ. ಆದರೆ ಶಾಲು ಒಂದೇ ಹೆಗಲಿಗೆ ಬಿದ್ದಿದೆ, ಪಕ್ಕದ ಕುರ್ಚಿ ಖಾಲಿ ಉಂಟು. ಸುಭಾಷಿಣಿ ಎಲ್ಲಿ ಎಂದು ಎಲ್ಲರೂ ಕೇಳಿದಿರಿ. ಮನೆಯಲ್ಲಿ ಅತಿಥಿ ಇದ್ದಾರೆ ಎಂದೆ. ಅದು ಸುಳ್ಳಲ್ಲ. ಪೂರ್ತಿ ಹೇಳಲು ಮೈಕು ಬೇಕಿತ್ತು, ಅಷ್ಟೇ.

ಅಧ್ಯಕ್ಷರ ಮಗಳು ಡುಲ್ಸಿನ್ ಪರದೇಶದಲ್ಲಿ ನರ್ಸ್. ಅಲ್ಲಿಯ ಸರಕಾರಕ್ಕೆ ಹಿಡಿಸದ ಪುಟಗಳು ಅಲ್ಲಿಯ ಇಂಟರ್ನೆಟ್ಟಿನಲ್ಲಿ ತೆರೆಯುವುದಿಲ್ಲ. ಕಳೆದ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ರಜೆಗೆ ಉಡುಪಿಗೆ ಬಂದವಳು ನಮ್ಮ ಹೊಸ ಬ್ರಾಡ್‌ಬ್ಯಾಂಡ್ ನೋಡಿದಳು. "ಅಂಕಲ್, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಹಾಕ್ತೇನೆ. ಅಲ್ಲಿಯವರು ನಿಮ್ಮ ಮನೆಯ ಮೂಲಕ ಹಾದು ಓದಬಹುದು. ನೀವು ಎಂತ ಮಾಡುವುದೂ ಬೇಡ, ಆಫ್ ಮಾಡದಿದ್ದರೆ ಸಾಕು" ಎಂದಳು. ನಿವೃತ್ತ ಬ್ಯಾಂಕ್ ನೌಕರನಿಗೆ ಇದಕ್ಕಿಂತ ಹೇಳಿ ಮಾಡಿಸಿದಂಥ ಸಮಾಜಸೇವೆ ಯಾವುದು? ಎಂತದೂ ಮಾಡದೆ ಕುಳಿತುಕೊಳ್ಳುವುದರಲ್ಲಿ ನನಗೆ ಸರ್ವಿಸಿನ ಅನುಭವವೇ ಉಂಟು.

ಸುಭಾಷಿಣಿ ಒಪ್ಪಲಿಲ್ಲ. "ಗುರುತಿಲ್ಲದವರು ಮನೆಯೊಳಗೆ ಬರುವುದಾ? ಕಾಲು ತೊಳೆದು ಬರ್ತಾರಾ?" ಎಂದಳು. ಬರುವವಳು ಒಬ್ಬಳೇ, ಡುಲ್ಸಿನ್‌ಳ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಆ ದೇಶದ ಹುಡುಗಿ. ಅವಳ ಅಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಸೆರೆಯಾದವರ ಸುದ್ದಿ ಹಾಕುವ ಪುಟ ಅಲ್ಲಿ ಬಂದ್. ದಿನವೂ ನಮ್ಮ ಮನೆಯ ದಾರಿಯಲ್ಲಿ ಹೋಗಿ ಅಣ್ಣನ ಸುದ್ದಿ ಹುಡುಕುತ್ತಿದ್ದಳು. ಅವಳು ಬಂದಾಗ ಪರದೆಯ ಮೂಲೆಯಲ್ಲಿ ಒಂದು ಎಂಬ ಅಂಕೆ ಕಾಣುತ್ತದೆ. ಇದು ಗೊತ್ತಾದ ಮೇಲೆ, ಅಂಕೆ ಕಂಡರೆ ಸುಭಾಷಿಣಿ ಒಗ್ಗರಣೆಯನ್ನೂ ಮೆಲ್ಲಗೆ ಹಾಕುತ್ತಾಳೆ.

ಈಗ ನವರಾತ್ರಿ ಬಂತು. ಮೊನ್ನೆ ಸಪ್ತಮಿಗೆ ಪುಸ್ತಕ, ಆಯುಧ ಎರಡನ್ನೂ ಒಟ್ಟಿಗೇ ಪೂಜೆಗಿಡುವುದೆಂದಾಯಿತು. ಪೂಜೆಗಿಟ್ಟ ಪುಸ್ತಕವನ್ನು ದಶಮಿಯವರೆಗೆ ಓದುವಂತಿಲ್ಲ, ಕದಲಿಸುವಂತಿಲ್ಲ. ಹಾಗಾದರೆ ಕಂಪ್ಯೂಟರ್ ಪುಸ್ತಕವೋ, ಆಯುಧವೋ? ಪುರೋಹಿತರು ಇಲ್ಲೇ ಇದ್ದಾರೆ, ಕೇಳಿ. "ಪುಸ್ತಕವಾದರೆ ಓದಬಾರದು, ಆಯುಧವಾದರೆ ಬಳಸಬಾರದು. ಹೇಗೂ ಮುಚ್ಚಿಡಿ" ಎಂದರು. ಆ ದೇಶದಲ್ಲಿ ಓದಬೇಡ ಎನ್ನಲು ಪೊಲೀಸರು ಬೇಕು. ನಮ್ಮ ಮನೆಯಲ್ಲಿ ಒಂದು ರೇಷ್ಮೆ ಪಂಚೆ ಸಾಕು.

ನಾನು ಸ್ವಿಚ್ಚಿಗೆ ಕೈ ಹಾಕಿದೆ. ಮೂಲೆಯಲ್ಲಿ ಅಂಕೆ ಇತ್ತು. "ಊಟಕ್ಕೆ ಕೂತವರ ಎಲೆ ಎಳೀತೀರಾ?" ಎಂದಳು ಸುಭಾಷಿಣಿ. "ಓದಬಾರದ್ದು ನಾವು. ಅವಳ ಮನೆಯಲ್ಲಿ ನವರಾತ್ರಿ ಉಂಟಾ?" ಪುರೋಹಿತರು ಗಂಟೆ ಬಾರಿಸಲು ಶುರು ಮಾಡಿದರು.

ಹಾಗೆ ಓಡುತ್ತಿದ್ದ ಕಂಪ್ಯೂಟರಿಗೇ ಪಂಚೆ ಹೊದಿಸಿ, ಪರದೆಯ ಮುಖ ಮಾತ್ರ ಬಿಟ್ಟು ಪೂಜೆ ಮಾಡಿದೆವು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಬಿಸಿಯಾಗಿ ಗುಂಯ್‌ಗುಡತೊಡಗಿತು. ಪಂಚೆ ತೆಗೆಯೋಣವೇ? ಕದಲಿಸುವಂತಿಲ್ಲ. ಟೇಬಲ್ ಫ್ಯಾನ್ ಇಡೋಣವೇ? ಅದೂ ಆಯುಧವೆಂದು ಕುಂಕುಮ ಹಚ್ಚಿಸಿಕೊಂಡು ಪಕ್ಕದಲ್ಲೇ ಕುಳಿತಿತ್ತು. ಹಾಗೇ ಬಿಟ್ಟರೆ ಮಿಷಿನ್ ಸುಟ್ಟುಹೋಗಿ ಆ ಹುಡುಗಿಯ ದಾರಿಯೇ ಮುಚ್ಚೀತು. ಕೊನೆಗೆ ಸುಭಾಷಿಣಿ ಬೀಸಣಿಗೆ ತಂದು ಪಂಚೆಯ ಅಡಿಯಿಂದ ಗಾಳಿ ಬೀಸುತ್ತ ಕುಳಿತಳು. ಅಂದಿನಿಂದ ಸರದಿ ಹಾಕಿಕೊಂಡು ಬೀಸುತ್ತಿದ್ದೇವೆ. ನನಗೆ ಜ್ವರ ಬಂದಾಗಲೂ ಅವಳು ಹೀಗೆ ಬೀಸಿದವಳಲ್ಲ. ಇದು ಸಭೆಯಲ್ಲಿ ಹೇಳುವ ಮಾತಲ್ಲ, ಬಾಯಿಗೆ ಬಂತು.

ಇವತ್ತು ಮಧ್ಯಾಹ್ನ ಡುಲ್ಸಿನ್ ಫೋನ್ ಮಾಡಿದಳು. "ಅಂಕಲ್, ಅವಳ ಅಣ್ಣನನ್ನು ಬಿಟ್ಟರು. ಮನೆಗೆ ಬಂದಾಯ್ತು." ನಾನು ಅತ್ತೆ, ಸಭಿಕರೇ. ಮುಚ್ಚುಮರೆ ಏಕೆ? ಸುಭಾಷಿಣಿ ಮಾತ್ರ ಬೀಸುವುದು ನಿಲ್ಲಿಸಲಿಲ್ಲ. ಅಂಕೆ ಇನ್ನೂ ಹಾಗೇ ಇತ್ತು. "ಮತ್ತೆ ಈಗ ಎಂತ ಓದ್ತಾ ಇದ್ದಾಳೆ?" ಎಂದು ಡುಲ್ಸಿನ್‌ಳನ್ನು ಕೇಳಿದೆ.

"ಸಿನಿಮಾ ಸುದ್ದಿ, ಅಂಕಲ್. ಅದೂ ಇಲ್ಲಿ ಬಂದ್."

ಸಿನಿಮಾ ಸುದ್ದಿಗೆ ನನ್ನ ತೋಳು ಬೀಳಬೇಕೇ? "ಸಾಕು, ಆಫ್ ಮಾಡುವ" ಎಂದೆ. ಸುಭಾಷಿಣಿ ಬೀಸಣಿಗೆಯನ್ನು ಎಡಗೈಗೆ ಬದಲಾಯಿಸಿಕೊಂಡಳು. "ಓದಲಿ ಮಾರಾಯ್ರೆ. ಇಷ್ಟು ದಿನ ಸಿನಿಮಾ ಓದುವ ಮನಸ್ಸು ಅವಳಿಗೆ ಎಲ್ಲಿತ್ತು?"

ಆದ್ದರಿಂದ ಪಾಯಸಕ್ಕೆ ನನ್ನನ್ನು ಕಾಯಬೇಡಿ, ಡಬ್ಬಿಯಲ್ಲಿ ಹಾಕಿಕೊಡಿ. ನನ್ನ ಸರದಿ ಆಗಲೇ ಶುರುವಾಗಿದೆ. ಶಾಲು ಹೊದಿಸಿದ ಸಂಘಕ್ಕೆ ಧನ್ಯವಾದ. ಇನ್ನೊಮ್ಮೆ ಸನ್ಮಾನ ಮಾಡುವುದಿದ್ದರೆ ಹೊದಿಸುವಂಥದ್ದು ಎಂತದೂ ಬೇಡ, ಬೀಸುವಂಥದ್ದು ಕೊಡಿ. ನಮಸ್ಕಾರ.