ನೀಲಮ್ಮ ನಮ್ಮ ಬಾಗಿಲಿಗಿ ಬಂದದ್ದು

ಹಂಗ ಅನಬ್ಯಾಡ ಲೇ ಶರಣ್ಯಾ, ಅಷ್ಟ ಸರಳ ಅಂದುಬಿಡಬ್ಯಾಡ. ಚೌಡಾಪುರದ ಹಂತ್ಯಾಕ ಲಾರಿ ಪಲ್ಟಿ ಆತು ಅಂತ ಕೇಳಿ ಬಂದಿ, ಸರಿ. ಡ್ರೈವರ್ ಕುಡ್ದಿರಬೇಕು, ಅಂವನ್ನ ಅಲ್ಲೇ ಹಿಡ್ದು ಹೊಡೀಬೇಕಿತ್ತು ಅಂತೀಯಲ್ಲ, ಅಂವ ಕುಡಿದದ್ದು ಯಾರು ನೋಡ್ಯಾರ? ಬಸ್‌ಸ್ಟ್ಯಾಂಡಿನಾಗ ಎಲ್ಲಾರೂ ಅನ್ನಾಕತ್ತಾರ ಅಂತಿ. ಎಲ್ಲಾರೂ. ಹೂಂ. ಆ ಎಲ್ಲಾರ್ನೂ ನಾ ನೋಡೀನಪಾ, ಭಾಳ ಹತ್ತರದಿಂದ ನೋಡೀನಿ. ಕೂಡು ಇಲ್ಲಿ. ಭಾಗ್ಯಾ, ನೀನೂ ಬಾ ಬೇ, ಬರೋಮುಂದ ಆ ಕೌದಿ ತಗೊಂಡು ಬಾ, ಮೊಣಕಾಲಿಗಿ ಥಂಡಿ ಹತ್ತಾಕತ್ತಾದ. ಹೇಳಬಾರ್ದು ಅಂತ ಇಟ್ಕೊಂಡಿದ್ದೆ ಇದನ್ನ. ಹೇಳಿದ್ರ ಎದಿ ಭಾರ ಆಗ್ತದ, ಹೇಳಲಿಲ್ಲಂದ್ರ ನೀವೂ ಆ ಎಲ್ಲಾರೊಳಗ ಒಬ್ರು ಆಗ್ತೀರಿ.

ನಿಮ್ಮ ಮುತ್ಯಾ, ನನ್ನ ಗಂಡ, ಡ್ರೈವರ್ ಇದ್ದ, ಗೊತ್ತೇನು ನಿಮಗ? ಇಲ್ಲ. ಹೆಂಗ ಗೊತ್ತಿರಬೇಕು, ನೀವು ಹುಟ್ಟೋದ್ರೊಳಗ ಅಂವ ಸ್ಟೇರಿಂಗ್ ಮುಟ್ಟೋದು ಬಿಟ್ಟು ವರ್ಷಗಟ್ಲೆ ಆಗಿತ್ತು. ಎಂಬತ್ತರ ಆಜೂಬಾಜು ಇರಬೇಕು, ನಿಮ್ಮಪ್ಪ ಆಗ ಇನ್ನಾ ತೆವಳಾಕತ್ತಿದ್ದ, ಇದೇ ಪಡಸಾಲ್ಯಾಗ ತೆವಳಿಕೋತ ಹೋಗಿ ಒಲಿ ಬೂದಿ ತಿಂದು ಬರ್ತಿದ್ದ. ನಮ್ಮ ನಿಂಬರ್ಗಾದ ಸಾವ್ಕಾರ್ರ ಮನ್ಯಾಗ ಟ್ರ್ಯಾಕ್ಟರ್ ಇತ್ತು, ಅದನ್ನ ನಡಸಾಕ ನಿಮ್ಮ ಮುತ್ಯಾ. ಊರಾಗ ಅಂವಂದು ಏನ್ ಮರ್ಯಾದಿ ಅಂತೀರಿ, ದಾರ್‍ಯಾಗ ಹೊಂಟ್ರ ಚಾ ಕುಡದು ಹೋಗು ಬಾರೋ ಅಂತ ಕರೀತಿದ್ರು. ನಾ ಆಗ ಹೊರಗಿನ ಕೂಲಿ ಕಂಡಾಕಿ ಅಲ್ಲ. ಮನಿ, ಒಲಿ, ಕೂಸು, ಅಷ್ಟೇ. ತೊಗರಿ ಸುಗ್ಗಿ ಬಂತಂದ್ರ ಅಂವಗ ಹಗಲಿಲ್ಲ ರಾತ್ರಿ ಇಲ್ಲ. ಮುಂಜಾನಿ ಕೂಲಿ ಹೆಣ್ಮಕ್ಕಳನ್ನ ಟ್ರಾಲ್ಯಾಗ ಹೊಲಕ್ಕ ಒಯ್ಬೇಕು, ಸಂಜಿಗಿ ತರಬೇಕು, ರಾತ್ರಿ ಮತ್ತ ಗುಲ್ಬರ್ಗಾಕ್ಕ ಮಾಲ ಒಯ್ಬೇಕು. ಕಣ್ಣು ಕೆಂಪಗ ಆಗಿರ್ತಿದ್ವು. ನಾ ಅಂತಿದ್ದೆ, ಒಂದ್ ದಿನ ಬಿಡ್ರಿ, ಮಲಕೋರಿ ಅಂತ. ಸುಗ್ಗಿ ಮುಗೀಲಿ ಅಂತಿದ್ದ.

ಅವತ್ತು ಮಂಗಳಾರ... ಅಲ್ಲ, ಮಂಗಳಾರ ಅಲ್ಲ, ಸೋಮಾರ. ಸೋಮಾರೇ, ಯಾಕಂದ್ರ ಕಸ್ತೂರಿ ಉಪಾಸ ಇದ್ಳು, ಅದು ಆಮ್ಯಾಲ ಗೊತ್ತಾತು. ಕಸ್ತೂರಿ ಅಂದ್ರ ನೀಲಮ್ಮನ ಮಗಳು. ನೀಲಮ್ಮ ನಮ್ಮ ಹಿಂದಿನ ಓಣ್ಯಾಗ ಇರ್ತಿದ್ಳು, ಗಂಡ ಸತ್ತಾಕಿ, ಕೂಲಿ ಹೆಣ್ಮಕ್ಕಳನ್ನೆಲ್ಲ ಕೂಡಿಸಿ ಹೊಲಕ್ಕ ಕರ್ಕೊಂಡು ಹೋಗಾಕಿ ಅಕಿನೇ. ಒಬ್ಬಾಕಿನೇ ಮಗಳು. ಸುಗ್ಗಿ ಮುಗಿದ ಮ್ಯಾಲ ಅಫಜಲಪುರ ಕಡಿ ಹುಡುಗಗ ಲಗ್ನ ಮಾಡಿ ಕೊಡೋದಿತ್ತು. ಅವತ್ತು ನೀಲಮ್ಮಗ ಜ್ವರ ಅಂತ ಹೋಗಿದ್ದಿಲ್ಲ, ಕಸ್ತೂರಿ ಒಬ್ಬಾಕಿನೇ ಹೋಗಿದ್ಳು.

ಸಂಜಿ ಮುಂದ ನಾ ಗಿರಣ್ಯಾಗ ಇದ್ದೆ, ಜ್ವಾಳ ಬೀಸಾಕ. ಗಿರಣಿ ಸಪ್ಪಳದಾಗ ಏನೂ ಕೇಳಂಗಿಲ್ಲ ನೋಡ್ರಿ, ಬಾಯಿ ಅಲ್ಲಾಡೋದಷ್ಟೇ ಕಾಣ್ತದ. ಒಬ್ಬ ಬಂದು ಗಿರಣಿ ಮನಷಾಗ ಏನೋ ಹೇಳಿದ. ಅಂವ ನನ್ನ ಕಡಿ ನೋಡಿದ. ಪಟ್ಟಾ ಬಿಚ್ಚಿ ಗಿರಣಿ ನಿಂದ್ರಿಸಿಬಿಟ್ಟ. ಏನಾತ್ರಿ ಅಂದೆ. ಟ್ರ್ಯಾಕ್ಟರ್ ಹಳ್ಳದಾಗ ಬಿದ್ದದಂತ ಅಂದ. ನಾ ಹಿಟ್ಟಿನ ಬುಟ್ಟಿ ಅಲ್ಲೇ ಬಿಟ್ಟು ಹೊರಗ ಬಂದೆ. ಗಿರಣಿಯಿಂದ ಮನಿ ಎಷ್ಟ ದೂರ, ಹೇಳ್ರಿ? ಇಲ್ಲೇ ಅದ. ಆ ಇಷ್ಟು ದಾರ್‍ಯಾಗ ಸುದ್ದಿ ಬೆಳಕೋತ ಬೆಳಕೋತ ಹೋತು ನೋಡ್ರಿ. ಹನಮಪ್ಪನ ಗುಡಿ ಮುಂದ, ಯಾರಿಗೋ ಪೆಟ್ಟಾಗ್ಯಾದಂತ ಅಂದ್ರು. ಬಾವಿ ಹಂತ್ಯಾಕ, ಕಸ್ತೂರಿ ಹೋದ್ಳಂತ ಅಂದ್ರು. ನಮ್ಮ ಓಣಿ ಬಾಯಾಗ ಬರೋದ್ರೊಳಗ, ಡ್ರೈವರ್ ಕುಡ್ದಿದ್ನಂತ, ಅಲ್ಲೇ ಬಿಟ್ಟು ಓಡಿ ಹೋಗ್ಯಾನಂತ ಅಂದ್ರು. ನಾ ಅವರ ಮುಂದೇ ಹೋಗಾಕತ್ತಿದ್ದೆ, ನನ್ನ ಮುಖ ನೋಡೇ ಅಂದ್ರು.

ಓಡಿ ಹೋಗಿದ್ದಿಲ್ಲ ಅಂವ. ಕಸ್ತೂರಿನ್ನ ಹೊತಗೊಂಡು ರೋಡಿಗಿ ಬಂದು, ಯಾರದೋ ಜೀಪಿಗಿ ಅಡ್ಡ ನಿಂತು, ಆಳಂದದ ದವಾಖಾನಿಗಿ ಒಯ್ದಿದ್ದ. ದಾರ್‍ಯಾಗೇ ಜೀವ ಹೋತು. ಅಲ್ಲಿಂದ ಪೊಲೀಸ್ರು ಕರ್ಕೊಂಡು ಹೋದ್ರು. ಉಳದವರಿಗಿ ಕೈ ಮುರದಿತ್ತು, ತಲಿ ಒಡದಿತ್ತು, ಎಲ್ಲಾರೂ ಉಳದ್ರು. ಕಸ್ತೂರಿ ಒಬ್ಬಾಕಿ ಹೋದ್ಳು. ಇದೆಲ್ಲ ನನಗ ಗೊತ್ತಾಗಿದ್ದು ಅಂವ ಜಾಮೀನಿನ ಮ್ಯಾಲ ಮನಿಗಿ ಬಂದ ಮ್ಯಾಲ. ಅಲ್ಲಿತನಕ ಊರು ಏನ್ ಹೇಳಿತ್ತೋ ಅದೇ ಖರೇ.

ಆ ದಿನಗಳು ಹೆಂಗ ಹೋದ್ವು ಅಂತ ಕೇಳಬ್ಯಾಡ್ರಿ. ಬಾವಿಗಿ ಹೋದ್ರ ಹೆಣ್ಮಕ್ಕಳು ಹಗ್ಗ ಕೊಡ್ತಿದ್ದಿಲ್ಲ. ಬೈತಿದ್ದಿಲ್ಲ, ಬೈದಿದ್ರ ಚಲೋ ಇತ್ತು, ಸುಮ್ಕ ಮುಖ ತಿರಗಸ್ತಿದ್ರು. ನಮ್ಮ ಬಾಜೂ ಮನಿ ಚಂದಮ್ಮ, ನನಗ ಬಾಣಂತನದಾಗ ನೀರು ಹಾಕಿದಾಕಿ, ನಡುವಿನ ಕಿಟಕಿ ಹಾಕ್ಕೊಂಡುಬಿಟ್ಳು. ಸಾವ್ಕಾರ್ರು ಅಂವಗ ಕೆಲಸಕ್ಕ ಬರಬ್ಯಾಡ ಅಂತ ಹೇಳಿ ಕಳಿಸಿದ್ರು. ನಮ್ಮಣ್ಣ ಜೇವರ್ಗಿಯಿಂದ ಬಂದಿದ್ದ, ಒಳಗ ಸೈತ ಬರಲಿಲ್ಲ, ಕಟ್ಟಿ ಮ್ಯಾಲೇ ನಿಂತು, "ನಡಿ ಬೇ ಊರಿಗಿ, ಕೂಸಿನ್ನ ಕರ್ಕೋ, ಇಂಥಾವನ ಕೂಡ ಏನ್ ಬಾಳೇವು" ಅಂದ. ಇಂಥಾವನ ಕೂಡ. ನಮ್ಮ ಲಗ್ನದಾಗ ಅಂವನ ಹೆಗಲ ಮ್ಯಾಲ ಕೈ ಹಾಕ್ಕೊಂಡು ಊಟಕ್ಕ ಕೂತಾಂವ ಇದೇ ನಮ್ಮಣ್ಣ. ನಾ ಹೋಗಲಿಲ್ಲ. ಯಾಕ ಹೋಗಲಿಲ್ಲ ಅಂದ್ರ, ಧೈರ್ಯ ಅಂತ ಏನಿಲ್ಲ, ಅಂವ ಒಳಗ ಗ್ವಾಡಿಗಿ ಮುಖ ಮಾಡಿ ಕೂತಿದ್ದ, ಆದದ್ದು ಒಮ್ಮೆ ಹೇಳಿದ್ದಷ್ಟೇ, ಆಮ್ಯಾಲ ಊಟ ಇಲ್ಲ, ಮಾತಿಲ್ಲ. ನಾ ಹೋದ್ರ ಅಂವ ಬಾವಿಗಿ ಬೀಳ್ತಿದ್ದ, ಅದು ನನಗ ಗೊತ್ತಿತ್ತು. ಹಿಟ್ಟು ತೀರಿತ್ತು. ಖಾರದ ಹಿಂಡಿ ನೆಕ್ಕಿ ನೀರು ಕುಡ್ದು ಕೂಸಿಗಿ ಮೊಲಿ ಕೊಡ್ತಿದ್ದೆ, ಹಾಲೆಲ್ಲಿ ಬರಬೇಕು.

ಹಿಂಗಿರೋಮುಂದ ಒಂದಿನ ಮಧ್ಯಾನ್ಹ, ಕದ ಮುಂದಕ್ಕ ಹಾಕಿತ್ತು, ಯಾರೋ ಬಡದ್ರು. ತೆಗದ್ರ ನೀಲಮ್ಮ. ಮಗಳ ದಿನಕರ್ಮ ಮುಗದಿತ್ತು ಆಗಷ್ಟೇ. ಶಾಪ ಹಾಕಾಕ ಬಂದಾಳ, ಹಾಕ್ಲಿ, ಹಾಕೋ ಹಕ್ಕು ಇದ್ದದ್ದು ಅಕಿಗೊಬ್ಬಾಕಿಗೇ ಅಂದ್ಕೊಂಡೆ. ಓಣಿ ತುಂಬ ಮಂದಿ ಬಾಗಿಲದಾಗ ನಿಂತು ನೋಡಾಕತ್ತಿದ್ರು. ಅಕಿ ಒಳಗ ಬಂದ್ಳು, ಇಲ್ಲೇ, ಈ ಕಂಬಕ್ಕ ಆನಿಕೊಂಡು ಕೂತ್ಳು. ನೀರು ಕೊಡು ಅಂದ್ಳು. ಕೊಟ್ಟೆ, ಕುಡದ್ಳು. ಕೂಸಿನ್ನ ನೋಡಿದ್ಳು, ಹೊಟ್ಟಿ ಮುಟ್ಟಿ ನೋಡಿದ್ಳು. ಆಮ್ಯಾಲ, "ಎಲ್ಲಿದ್ದಾನ ಅಂವ, ಕರಿ" ಅಂದ್ಳು.

ಅಂವ ಬಂದ. ದೂರ ನಿಂತ, ತಲಿ ಎತ್ತಲಿಲ್ಲ.

"ಕುಡ್ದಿದ್ದೇನಪಾ?" ಅಂದ್ಳು.

"ಇಲ್ಲ ಯವ್ವಾ."

"ಮತ್ತೇನಾತು?"

"ಕಣ್ಣು ಹತ್ತಿತು. ಹಿಂದಿನ ರಾತ್ರಿ ನಿದ್ದಿ ಇದ್ದಿಲ್ಲ. ಹಳ್ಳದ ತಿರುವಿನ್ಯಾಗ ಕಣ್ಣು ಹತ್ತಿತು. ತಪ್ಪು ನಂದೇ. ಸಾವ್ಕಾರ್ರಿಗಿ ಆಗಂಗಿಲ್ಲ ಅನ್ನಬೇಕಿತ್ತು, ಅನಲಿಲ್ಲ."

ಅಕಿ ಸೆರಗಿನ ಚುಂಗು ಬೆರಳಿಗಿ ಸುತಗೊಂಡ್ಳು, ಬಿಚಗೊಂಡ್ಳು. ಆಮ್ಯಾಲ ಕೇಳಿದ್ಳು ನೋಡ್ರಿ, ನನಗ ಇವತ್ತಿಗೂ ಆ ದನಿ ಕಿವ್ಯಾಗ ಅದ, "ನನ್ನ ಮಗಳು ಏನರೆ ಅಂದ್ಳೇನು?"

ಅದನ್ನ ಕೇಳಾಕ ಬಂದಿದ್ಳು ಅಕಿ. ಅಷ್ಟು ದಿನಾ ಊರಾಗ ಅಷ್ಟು ಮಾತು, ಕುಡದ, ಓಡಿದ, ಜೇಲಿಗಿ ಹಾಕಬೇಕು, ಕೈ ಮುರೀಬೇಕು, ಎಲ್ಲಾ ಆತು. ಆ ಹುಡುಗಿ ಕೊನಿಗಿ ಏನಂದ್ಳು ಅಂತ ಒಬ್ರೂ ಕೇಳಿದ್ದಿಲ್ಲ. ಕೇಳಬೇಕಂದ್ರ ಅಂವನ್ನೇ ಕೇಳಬೇಕು, ಅಂವನ ಕೂಡ ಮಾತಾಡೋರೇ ಇಲ್ಲಲ್ಲ.

ನಿಮ್ಮ ಮುತ್ಯಾ ಅಲ್ಲೇ ನೆಲದ ಮ್ಯಾಲ ಕೂತುಬಿಟ್ಟ. ಹೇಳಿದ. ಜೀಪಿನಾಗ ಅಕಿ ತಲಿ ತನ್ನ ತೊಡಿ ಮ್ಯಾಲ ಇತ್ತಂತ. ನೀರು ಕೇಳಿದ್ಳಂತ. ಜೀಪಿನಾಂವ ನೀರು ಕೊಡಬ್ಯಾಡ ಅಂದ್ರೂ ಇಂವ ಟವೆಲ್ ತೋಯ್ಸಿ ತುಟಿಗಿ ಹಚ್ಚಿದ್ನಂತ. "ಅಣ್ಣಾ, ಇವತ್ತು ಸೋಮಾರ, ನನ್ನ ಉಪಾಸ ಮುರದಂಗ ಆತೇನು" ಅಂದ್ಳಂತ. ಇಲ್ಲವ್ವ, ಹೊತ್ತು ಮುಳಗ್ಯಾದ, ಈಗ ನಡೀತದ ಅಂದ್ನಂತ ಇಂವ. ಆತು ಅಂದ್ಳಂತ. ಆಮ್ಯಾಲ ಮಾತಾಡಲಿಲ್ಲ. ನೀಲಮ್ಮ ಅದನ್ನ ಕೇಳಿ ಸೆರಗು ಬಾಯಿಗಿ ಇಟ್ಕೊಂಡು ಅತ್ತಳು ನೋಡ್ರಿ. ಇಂವನೂ ಅತ್ತ. ನಾ ಒಲಿ ಮುಂದ ಕೂತು ಅತ್ತೆ. ಕೂಸು ನಮ್ಮನ್ನ ನೋಡಿ ತಾನೂ ಅತ್ತಿತು, ಅದಕ್ಕೇನ್ ತಿಳೀತದ.

ಏಳೋಮುಂದ ಅಕಿ ಅಂವಗ ಅಂದದ್ದು ಕೇಳ್ರಿ. "ನಾ ನಿನಗ ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ. ಅದು ಇವತ್ತು ನನ್ನ ಕೈಲಿ ಆಗಂಗಿಲ್ಲ, ಆಗ್ತದೋ ಇಲ್ಲೋ ಅದೂ ಗೊತ್ತಿಲ್ಲ. ಆದ್ರ ನನ್ನ ಮಗಳ ಹೆಸರಿನ್ಯಾಗ ಈ ಕೂಸು ಉಪಾಸ ಮಲಗೋದು ಬ್ಯಾಡ." ನನಗ ತಿರುಗಿ, "ಮುಂಜಾನಿ ಕುಡಗೋಲು ತಗೊಂಡು ಬಾ ಬೇ" ಅಂದ್ಳು. ನನಗ ಕೊಯ್ಯಾಕ ಬರಂಗಿಲ್ರಿ ಅಂದೆ. ಕಲಸ್ತೀನಿ ಅಂದ್ಳು, ಹೋದ್ಳು.

ಮರದಿನ ಕೂಸಿನ್ನ ನಡುವಿಗಿ ಕಟಗೊಂಡು ಹೋದೆ. ಊರ ಅಗಸಿ ಬಾಗಿಲ ಹಂತ್ಯಾಕ ಹೆಣ್ಮಕ್ಕಳೆಲ್ಲ ನಿಂತಿದ್ರು. ಚಂದಮ್ಮ ಅಂದ್ಳು, "ಇಕಿ ಬಂದ್ರ ನಾವು ಬರಂಗಿಲ್ಲ ನೀಲಕ್ಕ." ನೀಲಮ್ಮ ಜಗಳಾಡಲಿಲ್ಲ, ದನಿ ಏರಿಸಲಿಲ್ಲ. ಬುತ್ತಿ ತಲಿ ಮ್ಯಾಲ ಇಟ್ಕೊಂಡು, "ಬರಬ್ಯಾಡ್ರಿ, ನಾ ಇಕಿ ಇಬ್ರೇ ಕೊಯ್ತೀವಿ. ಹೋದಾಕಿ ಯಾರ ಮಗಳು ಚಂದಮ್ಮ? ನನ್ನಕಿಂತ ನಿನಗ ಹೆಚ್ಚಿಗಿ ಹೊಟ್ಟಿ ಉರೀತೇನು?" ಅಂದು ನಡದೇಬಿಟ್ಳು. ನಾ ಹಿಂದ. ಒಂದಿಷ್ಟು ದೂರ ಹೋಗಿ ತಿರುಗಿ ನೋಡಿದ್ರ ಒಬ್ಬೊಬ್ರೇ ಬರಾಕತ್ತಿದ್ರು.

ಹೊಲದಾಗ ನನ್ನ ಬಾಜೂ ಸಾಲು ಯಾರೂ ಹಿಡೀಲಿಲ್ಲ. ನೀಲಮ್ಮ ಬಂದು ಹಿಡದ್ಳು. ತೊಗರಿ ಕಟಗಿ ಬುಡಕ್ಕ ಕೊಯ್ಬೇಕು, ಕಲ್ಲಿದ್ದಂಗ ಇರ್ತದ ಅದು. ಕೈಯೆಲ್ಲ ಬೊಬ್ಬಿ ಒಡದು ರಕ್ತ, ಕೊಯ್ದ ಕೂಳಿ ಕಾಲಾಗ ಹೊಕ್ಕು ರಕ್ತ. ನಾ ಹಿಂದ ಬಿದ್ರ ಅಕಿ ತನ್ನ ಸಾಲು ಬಿಟ್ಟು ನನ್ನ ಸಾಲು ಕೊಯ್ತಿದ್ಳು. ಒಂದೊಂದ್ ಸಲ ಕೊಯ್ಕೋತ ಕೊಯ್ಕೋತ ನಿಂತುಬಿಡ್ತಿದ್ಳು, ಕಸ್ತೂರಿ ಅಂತ ಬಾಯಾಗೇ ಅಂತಿದ್ಳು, ಮತ್ತ ಬಾಗ್ತಿದ್ಳು. ಅದನ್ನ ನೋಡಿಕೋತ ಅಕಿ ಬಾಜೂ ಕೆಲಸ ಮಾಡೋದಿತ್ತಲ್ಲ, ಅದರ ಮುಂದ ಕೈಯಾಗಿನ ಬೊಬ್ಬಿ ಏನೂ ಅಲ್ಲ. ಸುಗ್ಗಿ ಮುಗಿಯೋ ಹೊತ್ತಿಗಿ ಚಂದಮ್ಮ ಒಂದಿನ ಊಟದಾಗ ನನ್ನ ರೊಟ್ಟಿ ಮ್ಯಾಲ ಪುಂಡಿಪಲ್ಯ ಇಟ್ಳು. ಮುಖ ನೋಡಲಿಲ್ಲ, ಇಟ್ಳು. ಆಮ್ಯಾಲ ಕಿಟಕಿನೂ ತೆಗದ್ಳು ಅನ್ನು.

ಕೋರ್ಟಿನಾಗ ಅಂವ ತಪ್ಪು ಒಪ್ಕೊಂಡ. ಅದಕ್ಕೂ ಮೊದಲ ಊರಾಗಿನ ಒಬ್ಬಾಂವ ನೀಲಮ್ಮನ ಮನಿತನಕ ಬಂದು, ಕುಡ್ದಿದ್ದ ಅಂತ ಹೇಳು, ಗಟ್ಟಿ ಶಿಕ್ಷಾ ಆಗ್ತದ ಅಂದಿದ್ದ. "ನಾ ನೋಡಿಲ್ಲ, ನೋಡಲಾರದ್ದು ಹೇಳಂಗಿಲ್ಲ" ಅಂದು ಕಳಿಸಿದ್ಳಂತ. ಜೇಲಾತು ಅಂವಗ, ಆಗಬೇಕಾದದ್ದೇ. ಅಂವ ಜೇಲಿನಾಗ ಇರೋತನಕ ನಾ ನೀಲಮ್ಮನ ಕೂಡ ಕೂಲಿ ಮಾಡಿದೆ, ತೊಗರಿ ಆತು, ಜ್ವಾಳ ಆತು, ಬ್ಯಾಸಗ್ಯಾಗ ಕಟಗಿ ಆರಿಸಾಕ ಹೋಗೋದಾತು. ನಿಮ್ಮಪ್ಪ ನಡ್ಯಾಕ ಕಲತದ್ದು ಮಂದಿ ಹೊಲದ ಬದುವಿನ ಮ್ಯಾಲ. ಅಂವ ಹೊಳ್ಳಿ ಬಂದ ಮ್ಯಾಲ ಗಾಡಿ ಮುಟ್ಟಲಿಲ್ಲ, ಎಷ್ಟ ಮಂದಿ ಕರದ್ರೂ ಮುಟ್ಟಲಿಲ್ಲ. ಕೂಲಿ ಮಾಡಿದ. ನೀಲಮ್ಮನ ಮನಿ ಮಾಳಿಗಿಗಿ ಮಳಿಗಾಲಕ್ಕ ಮೊದಲ ಹೋಗಿ ಮಣ್ಣು ಹಾಕಿ ಬರ್ತಿದ್ದ. ಅಕಿ ಬ್ಯಾಡ ಅನ್ನಲಿಲ್ಲ, ಬಾ ಅಂತನೂ ಕರೀಲಿಲ್ಲ. ಮಾಫ್ ಮಾಡಿದ್ಳೋ ಇಲ್ಲೋ ನಮಗ ಕೊನಿತನಕ ಗೊತ್ತಾಗಲಿಲ್ಲ. ಕೇಳಾಕ ಬಾಯಿ ಬರಲಿಲ್ಲ. ಅಕಿ ಹೋದಾಗ ಹೆಗಲು ಕೊಡಾಕ ಮಕ್ಕಳಿಲ್ಲ ಅಂತ ಊರ ಹಿರ್‍ಯಾರು ಇಂವನ್ನೇ ಕರದ್ರು. ಮನಿಗಿ ಬಂದು, ಹಗರ ಇದ್ಳು ಅಕಿ, ಅಂದ. ಅಷ್ಟೇ ಅಂದ.

ಏನ್ ಹೇಳ್ಲಿ ಇನ್ನ. ಸುದ್ದಿ ಎಲ್ಲಾರ ಬಾಯಾಗೂ ಬರ್ತದ, ಅದೇನ್ ದೊಡ್ಡ ಮಾತಲ್ಲ. ನಿಮ್ಮ ಕಿವಿಗಿ ಬಿತ್ತಂದ್ರ ಯಾರ ತಪ್ಪು ಅಂತ ಆಮ್ಯಾಲ ನೋಡ್ರಿ, ಅದಕ್ಕ ಪೊಲೀಸ್ರಿದ್ದಾರ, ಕೋರ್ಟ್ ಅದ. ಮೊದಲ ಎರಡೂ ಮನ್ಯಾಗ ಯಾರರೆ ಉಂಡಾರೇನು ಅಂತ ಹೋಗಿ ಕೇಳ್ರಿ. ಏಳ್ರಿ ಇನ್ನ, ನನಗ ಸಾಕಾಗ್ಯಾದ, ಮಲಕೊತೀನಿ.