ಮಗ ಕೂರಿಸಿದ ವಾಲ್ವು

ಹಲೋ... ಹಲೋ, ಯಾರು ಮಾತಾಡೋದು? ಶರಣ್ಯನಾ? ನಾನು, ಅಜ್ಜ. ಕುಬಟೂರಿಂದ. ಫೋನು ಅಮ್ಮನ ಕೈಗೆ ಕೊಡು...

ಗಾಡಿ ಓಡಿಸ್ತಾ ಇದಾಳಾ? ಹಾಂ, ಹಂಗಾದ್ರೆ ಬೇಡ, ನೀನೇ ಕೇಳು. ಎಲ್ಲಿದೀರಿ? ಶಿರಾಳಕೊಪ್ಪ ದಾಟಿದ್ರಾ?... ಶಿಕಾರಿಪುರದಲ್ಲಿ ಕೊಳ್ಳೋ ಕೆಂಪು ಕನ್ನಡಕದ ಮಾತು ಆಮೇಲೆ ಪುಟ್ಟಿ. ಮುಂದಿನ ಸೀಟಲ್ಲೇ ಕೂತಿದೀಯ ಅಲ್ವಾ? ಕಾಲು ಎಲ್ಲಿಟ್ಟಿದೀಯ?...

ಮೇಲೆ ತಗೋ. ಎರಡೂ ಕಾಲು ಸೀಟಿನ ಮೇಲೆ. ಚಪ್ಪಲಿ ಇದ್ರೂ ಇರ್ಲಿ, ಅಮ್ಮ ಬೈದ್ರೆ ಅಜ್ಜ ಹೇಳಿದಾರೆ ಅನ್ನು. ತಗೊಂಡ್ಯಾ?...

ಏನಂದೆ? ಬೆಲ್ಲದ ಪಾಕದ ವಾಸನೆನಾ?... ಎದುರಿನ ಗಾಜು ಒಳಗಿಂದ ಮಂಜಾಗ್ತಿದೆಯಾ? ಇಷ್ಟು ಬಿಸಿಲಲ್ಲಿ?... ಶಿವನೇ! ನಿಲ್ಸು ಅನ್ನು ಅಮ್ಮಂಗೆ! ಪಕ್ಕಕ್ಕೆ ಹಾಕಿ ನಿಲ್ಸು ಅನ್ನು!...

ಗಂಗಾಶ್ರೀ, ನೀನಾ? ಏನೂ ಕೇಳಬೇಡ ತಾಯಿ, ಮೊದಲು ಎಂಜಿನ್ ಆರಿಸು, ಮಗೂನ ಇಳಿಸು. ಬಾನೆಟ್ ಮುಟ್ಟಬೇಡ. ದೂರ ಹೋಗಿ ನಿಂತ್ಕೊಳ್ಳಿ... ಇಳಿದ್ರಾ? ಇಬ್ರೂ?...

ಹೀಟರಿನ ವಾಲ್ವು ಕಣವ್ವ. ಎಂಜಿನ್ನಿನ ಕುದಿಯೋ ನೀರನ್ನ ಒಳಗೆ ಬಿಡೋದು, ಅದು ಸೋರಿದ್ರೇನೇ ಆ ಸಿಹಿ ವಾಸನೆ, ಆ ಮಂಜು. ಶರಣ್ಯನ ಕಾಲ ಹತ್ರಾನೇ ಇದೆ...

ಇಲ್ಲ. ಬದಲಾಯಿಸಿಲ್ಲ... ಹೌದು, ಹೊಸದು ಹಾಕ್ಸಿದೀನಿ ಅಂದಿದ್ದೆ. ಸುಳ್ಳು ಹೇಳ್ದೆ. ಗ್ಯಾರೇಜಿನ ಅರುಣ ತಂದಿದ್ದ. ಹಳೇದು ತುಕ್ಕು ತಿಂದಿದೆ, ಯಾವಾಗ ಒಡೆಯುತ್ತೋ ಅಂದ. ನಾನೇ ಹೊಸದನ್ನ ಇಸ್ಕೊಂಡು ಅವನನ್ನ ವಾಪಸ್ ಕಳಿಸ್ದೆ. ಈಗ ಮತ್ತೆ ಬಂದು ಜೀಪೆಲ್ಲಿ ಅಂದ. ಶಿಕಾರಿಪುರಕ್ಕೆ ಹೋಯ್ತು ಅಂದೆ. ಮೊದಲು ಫೋನ್ ಮಾಡಿ ಅಂದ...

ಯಾಕೆ ಅಂದ್ರೆ ಏನು ಹೇಳ್ಲಿ? ಅದು ನನ್ನ ಮಗ, ಶರಣ್ಯನ ಅಪ್ಪ, ನಮ್ಮ ಸಿದ್ಧಲಿಂಗೇಶ, ಕೈಯಾರೆ ಕೂರಿಸಿದ್ದು. ಅವನು ಹೋಗಿ ವರ್ಷ ತುಂಬೋಕೆ ಇನ್ನೂ ಹದಿನೆಂಟು ದಿನ ಇದೆ. ಅಲ್ಲೀತನಕ ಅವನು ಇಟ್ಟಿದ್ದನ್ನ ಕದಲಿಸಬಾರದು ಅಂತ... ಅವನ ಚಪ್ಪಲೀನೂ ಬಾಗಿಲ ಹತ್ರಾನೇ ಬಿಟ್ಟಿದೀವಲ್ಲ... ಹೊಸದಕ್ಕೆ ವಿಭೂತಿ ಹಚ್ಚಿ ದೇವರ ಗೂಡಲ್ಲಿಟ್ಟೆ. ಶಿವ ಕಾಯ್ತಾನೆ ಅನ್ಕೊಂಡೆ...

ಬೈಯಿ. ಬೈಯಿ ತಾಯಿ...

ಏನದು ಸದ್ದು? ಬುಸ್ ಅಂತು! ಶರಣ್ಯ ಎಲ್ಲಿ?... ಚೀಲ ತರೋಕಾ? ಜೀಪಿನ ಹತ್ರಾನಾ? ಎಳ್ಕೋ! ಗಂಗಾ, ಎಳ್ಕೋ ಅವಳನ್ನ!... ಹಿಡ್ಕೊಂಡ್ಯಾ?... ಹಾಂ... ಅವಳು ಕೂತಿದ್ದ ಕಡೇನೇ ಹಬೆನಾ...

ಅರುಣ ಬೈಕ್ ತೆಗೀತಿದಾನೆ. ನಾನೂ ಹಿಂದೆ ಕೂತು ಬರ್ತೀನಿ. ಹೊಸದು ಜೇಬಲ್ಲಿದೆ. ಹಳೇದನ್ನ ನಾನೇ ಎದುರು ನಿಂತು ತೆಗೆಸ್ತೀನಿ, ಇವತ್ತೇ...

ಫೋನು ಮಗೂ ಕೈಗೆ ಕೊಡು. ಅಳ್ತಿದ್ರೂ ಅಳಲಿ, ಒಂದ್ಸಲ ಅಜ್ಜ ಅನ್ನಲಿ...

ಹಾಂ, ಕೇಳಿಸ್ತು. ಇನ್ನೊಂದ್ಸಲ ಅನ್ನು... ಕಾಲಿಗೇನೂ ಆಗಿಲ್ಲ ಅಲ್ವಾ?... ಸದ್ಯ!... ಹಲೋ?... ಪುಟ್ಟೀ?... ಲೈನ್ ಕಟ್ಟಾಯ್ತು ಅರುಣ, ಹೊರಡು.