ಕಲಸಿಹೋದ ನಾಲ್ಕನೇ ಬೋರು

...ಅಲ್ಲ, ಮೂರನೇ ಬೋರಲ್ಲ ಕಣೋ, ನಾಲ್ಕನೇದು. ಮೂರನೇದ್ರಲ್ಲಿ ಏನೂ ಸಿಗಲಿಲ್ಲ, ಬರೀ ಬಿಳೀ ಕಲ್ಲು. ಇರಿ ಇರಿ, ನಂಗೇ ಗೊಂದಲ ಆಗ್ತಿದೆ, ಮೊದ್ಲಿಂದ ಹೇಳ್ತೀನಿ. ಮೈಥಿಲಿ, ಆ ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸಮ್ಮ, ಈ ಅಣ್ಣಾ ನಗರ್ ವರಾಂಡದಲ್ಲಿ ಗಾಳಿ ಅನ್ನೋದೇ ಇಲ್ಲ. ನಿಮ್ಮಜ್ಜಿ ಅಂದ್ರೆ ಸಾರು, ಹುಳಿ, ಅಷ್ಟೇ ಅಂದ್ಕೊಂಡಿದೀರಲ್ಲ, ನಾನು ಕಲ್ಲು ಓದಿದೋಳು. ಇಲ್ಲೇ ಮದ್ರಾಸಲ್ಲೇ ಜಿಯಾಲಜಿ ಎಂ.ಎಸ್ಸಿ. ಮಾಡಿದೆ. ನಮ್ಮಪ್ಪ ತೀರ್ಕೊಂಡ ವರ್ಷ ಎಗ್ಮೋರ್ ಸ್ಟೇಷನ್ ಹತ್ರ ಒಂದು ಕಂಪನಿ, ಭೂಮಿ ಕೆಳಗೆ ಏನೇನಿದೆ ಅಂತ ಹುಡುಕೋ ಕಂಪನಿ, ಅದ್ರಲ್ಲಿ ಕೆಲಸ ಸಿಕ್ತು. ಮನೇಲಿ ಅಮ್ಮ, ಇಬ್ರು ತಮ್ಮಂದ್ರು. ನಾನು ದುಡೀಲಿಲ್ಲ ಅಂದ್ರೆ ಅಕ್ಕಿ ಡಬ್ಬ ಖಾಲಿ. ಅಮ್ಮ ಮಾತ್ರ, "ಹೆಣ್ಣು ಹುಡುಗಿ ಕಾಡಲ್ಲಿ ಡೇರೆ ಹಾಕ್ಕೊಂಡು ಇರೋದಾ ಕಲ್ಯಾಣಿ, ನಿನ್ನ ಯಾರು ಮದುವೆ ಆಗ್ತಾರೆ?" ಅಂತ ಅಳ್ತಾನೇ ಚಟ್ನಿಪುಡಿ ಕುಟ್ಟಿ ಕಟ್ಟಿಕೊಟ್ಳು.

ರೈಲಲ್ಲಿ ಎರಡು ದಿನ, ಆಮೇಲೆ ಲಾರಿ, ಆಮೇಲೆ ನಡಿಗೆ. ಒಂದು ಗುಡ್ಡ. ಅದರ ಮೇಲೆ ಅಲ್ಲಲ್ಲಿ ಹಸಿರು ಕಲೆ, ಹಳೇ ತಾಮ್ರದ ಚೊಂಬಿಗೆ ಕಿಲುಬು ಹಿಡಿಯತ್ತಲ್ಲ, ಹಾಗೆ. ನನಗಿಂತ ಮುಂಚೆ ಇಬ್ರು ದೊಡ್ಡ ಜಿಯಾಲಜಿಸ್ಟ್‌ಗಳು ಆ ಗುಡ್ಡ ಹತ್ತಿ ಇಳಿದಿದ್ರು. ಒಬ್ರು ಬರೆದಿದ್ರು, ಇಲ್ಲಿ ತಾಮ್ರ ಒಂದೇ ಸಣ್ಣ ಪಟ್ಟೆ, ಕೆದಕಿದ್ರೆ ಮುಗೀತು ಅಂತ. ಇನ್ನೊಬ್ರು ಬರೆದಿದ್ರು, ಅಲ್ಲ ಸ್ವಾಮಿ, ಇಡೀ ಗುಡ್ಡದಲ್ಲೇ ಹರಡಿದೆ ಅಂತ. ಅದಕ್ಕೆ ಪೋರ್ಫಿರಿ ಅಂತಾರೆ. ಏನಂದ್ರೆ, ಬೆಂಕಿ ಥರ ಕುದಿಯೋ ಕಲ್ಲಿನ ರಸ ಕೆಳಗಿಂದ ಎದ್ದು ಬರ್ತಾ ಒಳಗೇ ತಣ್ಣಗಾಗತ್ತೆ, ಉಪ್ಪಿಟ್ಟಲ್ಲಿ ಗೋಡಂಬಿ ಇದ್ದ ಹಾಗೆ ಅದ್ರಲ್ಲಿ ದೊಡ್ಡ ದೊಡ್ಡ ಹರಳು ಕೂತ್ಕೊಳತ್ತೆ. ಜೊತೆಗೇ ಬಂದ ಬಿಸಿನೀರು ಸುತ್ತಲ ಕಲ್ಲನ್ನೆಲ್ಲ ಸೀಳಿ, ಆ ಸೀಳಿಗೆಲ್ಲ ಚೂರು ಚೂರು ತಾಮ್ರ ಬಿಟ್ಟು ಹೋಗತ್ತೆ. ಚಿತ್ರಾನ್ನದಲ್ಲಿ ಸಾಸಿವೆ ಇರತ್ತಲ್ಲ, ಎಲ್ಲಿ ಕೈ ಹಾಕಿದ್ರೂ ನಾಲ್ಕು ಕಾಳು. ಕಮ್ಮಿನೇ, ಆದ್ರೆ ಗುಡ್ಡದಷ್ಟು ಚಿತ್ರಾನ್ನ ಇದ್ರೆ ಸಾಸಿವೆ ಎಷ್ಟಾಯ್ತು ನೋಡು. ಸರಿ, ಒಂದೇ ಪಟ್ಟೆಯಾ, ಎಲ್ಲಾ ಕಡೆ ಹರಡಿದ್ಯಾ, ಇದನ್ನ ಕಂಡುಹಿಡಿಯೋಕ್ಕೇ ಬೋರು ಕೊರೆಯೋದು. ನೀರಿಗಲ್ಲ, ಕಲ್ಲಿಗೆ. ಕಬ್ಬಿನ ತುಂಡಿನ ಹಾಗೆ ದುಂಡಗೆ ಕಲ್ಲು ಮೇಲೆ ಬರತ್ತೆ, ಅದನ್ನ ಬಂದ ಸಾಲಲ್ಲೇ ಮರದ ಪೆಟ್ಟಿಗೇಲಿ ಜೋಡಿಸಿ, ಎಷ್ಟು ಆಳದ್ದು ಅಂತ ಸೀಮೆಸುಣ್ಣದಲ್ಲಿ ಬರೀಬೇಕು. ಆಮೇಲೆ ಒಂದೊಂದೇ ನೋಡಿ ಪುಸ್ತಕಕ್ಕೆ ಬರ್ಕೊಳ್ಳೋದು ನನ್ನ ಕೆಲಸ.

ಕೊರೆಯೋರು ಮಸ್ತಾನ್ ಸಾಹೇಬ್ರು. ಕೋಲಾರದ ಕಡೆಯೋರು, ಕನ್ನಡ ಮಾತಾಡೋರು, ಆ ಕಾಡಲ್ಲಿ ನಂಗೆ ಅದೊಂದೇ ಸಮಾಧಾನ. ಊಟ ಅಂದ್ರೆ ದಿನಾ ಅದೇ ಬೇಳೆ, ಅದೇ ಆಲೂಗಡ್ಡೆ, ಬೇಸಿಗೇಲಿ ನೀರು ಎತ್ತಿನ ಗಾಡೀಲಿ ಬರ್ಬೇಕು, ಸ್ನಾನ ವಾರಕ್ಕೆರಡು ಸಲ. ಮೂರು ಬೋರು ಹಾಳಾಯ್ತು. ನಾಲ್ಕನೇದ್ರಲ್ಲಿ ಸಾಹೇಬ್ರು ಓಡಿ ಬಂದು, "ಅಮ್ಮಾ, ಬನ್ನಿ ನೋಡಿ, ಕಲ್ಲು ಮಿಂಚ್ತಾ ಐತೆ" ಅಂದ್ರು. ಹೋಗಿ ನೋಡಿದೆ. ಹಿತ್ತಾಳೆ ಬಣ್ಣ, ತಾಮ್ರದ್ದೇ. ಆಗ್ಲೇ ಕೂತು ಬರೀಬೇಕಿತ್ತು ನಾನು. ಬರೀಲಿಲ್ಲ. ಗುಡ್ಡದ ಮ್ಯಾಪ್ ಇನ್ನೊಂದು ಚೂರು ಬಾಕಿ ಇತ್ತು, ಅದು ಮುಗಿಸಿ ಬರೆದ್ರಾಯ್ತು, ಕಲ್ಲೆಲ್ಲಿ ಓಡಿಹೋಗತ್ತೆ ಅಂದ್ಕೊಂಡೆ. ಎರಡು ದಿನ. ಮೂರನೇ ದಿನ ಮಧ್ಯಾಹ್ನ ನಾನು ಗುಡ್ಡದ ಮೇಲಿದೀನಿ, ಎಲ್ಲಿತ್ತೋ ಗಾಳಿಮಳೆ, ತಗಡಿನ ಶೆಡ್ಡು ಹಾರಿಹೋಯ್ತು. ಇಳಿದು ಬರೋಷ್ಟರಲ್ಲಿ ಪೆಟ್ಟಿಗೆಗಳೆಲ್ಲ ಕೆಸರಲ್ಲಿ ಬೋರಲು ಬಿದ್ದು, ಕೂಲಿಯೋರು ಪಾಪ, ಒಳ್ಳೇದು ಮಾಡ್ತೀವಿ ಅಂತ ಕಲ್ಲೆಲ್ಲ ಆರಿಸಿ, ಚೆನ್ನಾಗಿ ತೊಳೆದು, ಸಿಕ್ಕಿದ್ದನ್ನ ಸಿಕ್ಕಿದ ಪೆಟ್ಟಿಗೆಗೆ ತುಂಬಿ ಇಟ್ಟಿದಾರೆ. ಸೀಮೆಸುಣ್ಣದ ಬರಹ ಒಂದೂ ಇಲ್ಲ. ಅರ್ಥ ಆಯ್ತಾ? ಮಿಂಚೋ ಕಲ್ಲೆಲ್ಲ ಒಂದೇ ಆಳದಲ್ಲಿ ಒಟ್ಟಿಗಿದ್ರೆ ಅದು ಪಟ್ಟೆ. ಮೇಲಿಂದ ಕೆಳಗಿನ ತನಕ ಹರಡಿದ್ರೆ ಪೋರ್ಫಿರಿ. ಈಗ ಎಲ್ಲಾ ಪೆಟ್ಟಿಗೇಲೂ ಎರಡೆರಡು ಮಿಂಚೋ ಕಲ್ಲಿದೆ. ಅದು ಭೂಮಿ ಇಟ್ಟಿದ್ದೋ, ಕೂಲಿಯೋರು ಇಟ್ಟಿದ್ದೋ?

ಮೂರು ದಿನ ನೆಲದ ಮೇಲೆ ಕೂತು ತುಂಡಿಗೆ ತುಂಡು ಹೊಂದಿಸಿದೆ. ಮುರಿದ ಬಾಯಿ ಕೆಲವು ಕಚ್ಚಿಕೊಳ್ತು, ಸುಮಾರು ಸವೆದು ಹೋಗಿತ್ತು. ಒಂದ್ಸಲ ಪಟ್ಟೆ ಅನ್ಸೋದು, ಮುಖ ತೊಳೆದು ಬಂದು ನೋಡಿದ್ರೆ ಹರಡಿದೆ ಅನ್ಸೋದು. ಸಾಹೇಬ್ರನ್ನ ಕೇಳ್ದೆ, "ಮಿಂಚೋದು ಒಂದೇ ಸಲ ಬಂತಾ, ಬಿಟ್ಟು ಬಿಟ್ಟು ಬಂತಾ?" ಅವ್ರು ಗಡ್ಡ ಕೆರ್ಕೊಂಡ್ರು. "ಒಂದೇ ಸಲ ಬಂದಂಗೆ ನೆಪ್ಪು ಅಮ್ಮಾ. ಆದ್ರೆ ಮಧ್ಯದಾಗೆ ನಂಗೆ ಜ್ವರ, ಒಂದು ದಿನ ಮಲಗಿದ್ದೆ. ಸುಳ್ಳು ಹೇಳಲ್ಲ, ಸರಿಯಾಗಿ ತಿಳೀದು."

ಅಷ್ಟರಲ್ಲಿ ಮದ್ರಾಸಿಂದ ನಮ್ಮ ಛೀಫ್ ಬಂದ್ರು. ಕಂಪನಿ ಡೈರೆಕ್ಟರುಗಳಿಗೆ ವರದಿ ಕೊಡ್ಬೇಕು, ಅವ್ರಿಗೆ ಅವಸರ. ಪೆಟ್ಟಿಗೆ ನೋಡಿದ್ದೇ ಖುಷಿಯೋ ಖುಷಿ. "ಎಲ್ಲಾ ಕಡೆ ಇದೆಯಲ್ಲಮ್ಮಾ, ಪೋರ್ಫಿರಿನೇ. ಹಾಗೇ ಬರೆದು ಸೈನ್ ಮಾಡು."

"ಸಾರ್, ಸಾಲು ಕಲಸಿಹೋಗಿದೆ. ಪಕ್ಕದಲ್ಲೇ ಇನ್ನೊಂದು ಬೋರು ಹಾಕೋಣ."

"ಮಳೆ ಹಿಡೀತು, ಮೆಷಿನ್ ಇಳಿಸ್ಬೇಕು. ಕಲಸಿದ್ದು ಯಾರು? ನೀನು ಬರೀದೇ ಇದ್ದದ್ದಕ್ಕೆ ತಾನೇ?"

ನಿಜ ತಾನೇ. ಅಮ್ಮ, ತಮ್ಮಂದ್ರು, ಎಲ್ಲಾ ಕಣ್ಮುಂದೆ ಬಂದ್ರು. ಪಟ್ಟೆ ಅಂತ ಬರೆಯೋ ಧೈರ್ಯನೂ ಇಲ್ಲ, ಪೋರ್ಫಿರಿ ಅಂತ ಬರೆಯೋಕ್ಕೆ ಮನಸ್ಸೂ ಇಲ್ಲ. ಕೊನೆಗೆ, "ತುಂಡುಗಳ ಕ್ರಮ ಗೊತ್ತಿಲ್ಲ, ಬರೆಯೋದು ತಡಮಾಡಿದ ತಪ್ಪು ನನ್ನದು" ಅಂತ ಬರೆದು ಸೈನ್ ಹಾಕ್ದೆ. ಛೀಫ್ ಆ ಹಾಳೆ ಫೈಲಿಗೆ ಸಿಕ್ಕಿಸಿ, ತಾವೇ ಬೇರೆ ವರದಿ ಬರೆದ್ರು. ನನ್ನನ್ನ ಕೆಲಸದಿಂದ ತೆಗೀಲಿಲ್ಲ, ಎಗ್ಮೋರ್ ಆಫೀಸಲ್ಲಿ ಬೇರೆಯೋರ ಮ್ಯಾಪಿಗೆ ಬಣ್ಣ ತುಂಬೋಕ್ಕೆ ಕೂರಿಸಿದ್ರು. ರಿಟೈರ್ ಆಗೋ ತನಕ ಮತ್ತೆ ಕಾಡಿಗೆ ಕಳಿಸಲಿಲ್ಲ. ಆ ಕಡೆ, ಎಲ್ಲಾ ಕಡೆ ಇದೆ ಅಂತ ನಂಬ್ಕೊಂಡು ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕೊರೆದೇ ಕೊರೆದ್ರು, ಏನೂ ಸಿಗಲಿಲ್ಲ, ಕ್ಯಾಂಪು ಮುಚ್ಚಿದ್ರು. ಸಾಹೇಬ್ರು ಕೆಲಸ ಹೋಗಿ ಊರಿಗೆ ಹೋಗೋ ಮುಂಚೆ ಆಫೀಸಿಗೆ ಬಂದು, "ಬರ್ತೀನಮ್ಮಾ" ಅಂದ್ರು. ನಂಗೆ ಅವ್ರ ಮುಖ ನೋಡೋಕ್ಕಾಗ್ಲಿಲ್ಲ.

"ಅಪ್ಪೋ ಯಾರ್ ಮೇಲ ತಪ್ಪು, ಅಜ್ಜಿ?" ತಪ್ಪು ಯಾರ್ದು ಅಂತೀಯಾ ವರುಣ್, ಅದೇ ನಂಗೂ ಗೊತ್ತಾಗ್ಲಿಲ್ಲ ಕಣೋ ಇಷ್ಟು ವರ್ಷ. ಮಳೆದೋ, ಛೀಫ್‌ದೋ, ನಂದೋ. ಮೊದಲನೇದು ನಂದೇ ಇರ್ಬೇಕು.

ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ಳು, ನೀವು ಸ್ಕೂಲಿಗೆ ಹೋಗಿದ್ರಿ. ಬೇರೆ ಯಾವ್ದೋ ಕಂಪನಿ ಜಿಯಾಲಜಿಸ್ಟ್. ಆ ಗುಡ್ಡದ ಹಳೇ ಫೈಲೆಲ್ಲ ಓದಿದಾಳೆ. "ಆಂಟಿ, ಗೊತ್ತಿಲ್ಲ ಅಂತ ಇದ್ದದ್ದು ನಿಮ್ಮ ಹಾಳೆ ಒಂದೇ. ಅದಕ್ಕೇ ನಾಲ್ಕನೇ ಬೋರಿನ ಪಕ್ಕದಲ್ಲೇ ಮತ್ತೆ ಕೊರೆದ್ವಿ" ಅಂದ್ಳು. "ಏನು ಸಿಕ್ತಮ್ಮಾ, ಪಟ್ಟೆಯಾ?" ಅಂದೆ. "ದಪ್ಪ ಪಟ್ಟೆ ಒಂದಿದೆ ಆಂಟಿ. ಸುತ್ತ ಸಾಸಿವೆ ಥರ ಹರಡೂ ಇದೆ, ತುಂಬಾ ತೆಳುವಾಗಿ. ಪೋರ್ಫಿರಿ ಅನ್ಬೇಕೋ ಬೇಡ್ವೋ ಅಂತ ನಮ್ಮಲ್ಲೇ ಜಗಳ" ಅಂತ ನಕ್ಕಳು. ಅವಳು ಹೋದ್ಮೇಲೆ ನಾನು ಇಲ್ಲೇ ಕೂತು ಸ್ವಲ್ಪ ಅತ್ತೆ. ಯಾಕೆ ಅಂತ ಕೇಳ್ಬೇಡಿ, ಖುಷಿಗೋ ದುಃಖಕ್ಕೋ, ಅದೂ ತಿಳೀಲಿಲ್ಲ.

ಸರಿ, ಏಳಿ, ಊಟಕ್ಕೆ ಹೊತ್ತಾಯ್ತು. ಅವತ್ತಿನ ಕೆಲಸ ಅವತ್ತೇ ಬರೆದಿಡಿ. ಆಗ್ಲಿಲ್ವಾ, ಆಗ್ಲಿಲ್ಲ ಅಂತಾನೇ ಬರೀರಿ, ನೋಡದೇ ಇದ್ದದ್ದನ್ನ ನೋಡಿದ ಹಾಗೆ ಮಾತ್ರ ಬರೀಬೇಡಿ. ಕೈ ತೊಳ್ಕೊಂಡು ಬನ್ನಿ.